ಕಾಪು ಐಸ್ ಪ್ಲಾಂಟಿನ ಶ್ರುತಿ

"ಜೂನ್ ಮುಗಿಯುವುದರೊಳಗೆ ಈ ಊರಿನದೇ ಒಂದು ತಂಡ ಬೇಕು. ಹಾಡು ಅವರದೇ ಆಗಿರಬೇಕು, ಧ್ವನಿಮುದ್ರಣ ಶುದ್ಧವಾಗಿರಬೇಕು. ಇಲ್ಲದಿದ್ದರೆ ಜುಲೈಯಿಂದ ಆ ಕಾಲು ಗಂಟೆ ವೀಣೆಗೆ."

ನಿಲಯದ ನಿರ್ದೇಶಕರು ಇದನ್ನು ಹೇಳಿದ್ದು ಮೇ ತಿಂಗಳ ಆರಂಭದಲ್ಲಿ, ಕಾಫಿ ಕುಡಿಯುತ್ತ, ಯಾವ ಸಿಟ್ಟೂ ಇಲ್ಲದೆ. ಸಿಟ್ಟು ಮಾಡಿಕೊಂಡಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡಬಹುದಿತ್ತು. ಸಮಾಧಾನದಿಂದ ಕತ್ತು ಕೊಯ್ಯುವವರ ಜೊತೆ ಜಗಳ ಮಾಡುವುದು ಹೇಗೆ?

ಎಂಬತ್ತರ ದಶಕದ ನಡುಭಾಗ ಅದು. ನಾನು ಉಡುಪಿಯ ಮನೆಯಿಂದ ರೇಡಿಯೋ ನಿಲಯಕ್ಕೆ ಗುತ್ತಿಗೆಯ ಉದ್ಘೋಷಕಿಯಾಗಿ ಹೋಗಿಬರುತ್ತಿದ್ದೆ. ಆದಿ ಉಡುಪಿ ಮಾರುಕಟ್ಟೆಯ ತೆಂಗಿನಕಾಯಿ ಧಾರಣೆ ಓದುವುದು ನನ್ನ ಹೊಟ್ಟೆಪಾಡಿನ ಕೆಲಸ. ‘ಹೊಸ ಸದ್ದು’ ಎಂಬ ಹಾಡಿನ ಕಾರ್ಯಕ್ರಮ ನನ್ನ ಜೀವದ ಕೆಲಸ. ವಾರಕ್ಕೊಮ್ಮೆ, ರಾತ್ರಿ ಪ್ರಸಾರ ಮುಗಿಯುವ ಮುಂಚಿನ ಕೊನೆಯ ಕಾಲು ಗಂಟೆ. ಊರೆಲ್ಲ ಮಲಗಿದ ಮೇಲೆ ಬರುವ ಆ ಹೊತ್ತು ಯಾರಿಗೂ ಬೇಡವಾಗಿತ್ತು, ಹಾಗಾಗಿ ನನಗೆ ಸಿಕ್ಕಿತ್ತು. ನಡುರಾತ್ರಿಯ ಕಾರ್ಯಕ್ರಮ ಎಂದರೆ ನಾನು ನಡುರಾತ್ರಿ ಸ್ಟುಡಿಯೋದಲ್ಲಿ ಕೂತು ಮಾತಾಡುತ್ತೇನೆ ಎಂದು ನೆರೆಹೊರೆಯವರು ನಂಬಿದ್ದರು, ಅಮ್ಮನನ್ನು ಕರುಣೆಯಿಂದ ನೋಡುತ್ತಿದ್ದರು. ನಿಜವೇನೆಂದರೆ ಎಲ್ಲವನ್ನೂ ಮಧ್ಯಾಹ್ನವೇ ಬ್ಲೇಡಿನಿಂದ ಟೇಪು ಕತ್ತರಿಸಿ, ಅಂಟಿಸಿ, ಡಬ್ಬಿಗೆ ಹಾಕಿ, ಸಂಜೆ ಬಸ್ಸಿಗೆ ಮನೆ ಸೇರಿರುತ್ತಿದ್ದೆ.

ಈ ಹುಚ್ಚು ಹಿಡಿಸಿದ್ದು ಮಣಿಪಾಲದ ಒಬ್ಬ ವೈದ್ಯಕೀಯ ವಿದ್ಯಾರ್ಥಿ, ಆಫ್ರಿಕಾದಲ್ಲಿ ಹುಟ್ಟಿ ಬೆಳೆದವ. ಅವನು ಕೊಟ್ಟ ಕ್ಯಾಸೆಟ್ಟುಗಳಲ್ಲಿ ಮೂರು ನಿಮಿಷಕ್ಕೊಂದು ಹಾಡು, ಪ್ರತಿ ಹಾಡಿನಲ್ಲಿ ಯಾರೋ ಬಾಗಿಲು ಒದೆಯುವಂಥ ಗಲಾಟೆ. "ಇದಕ್ಕೆ ಪಂಕ್ ಅಂತಾರೆ ಮೇಡಂ. ನುಡಿಸಲಿಕ್ಕೆ ಬರದಿದ್ದರೂ ಪರವಾಗಿಲ್ಲ, ಹೇಳಲಿಕ್ಕೆ ಏನಾದರೂ ಇದ್ದರೆ ಸಾಕು" ಎಂದಿದ್ದ. ಬಾಲ್ಯವಿಡೀ ಶ್ರುತಿ ತಪ್ಪಿದ್ದಕ್ಕೆ ಸಂಗೀತದ ಟೀಚರಿಂದ ಕಿವಿ ಹಿಂಡಿಸಿಕೊಂಡ ನನಗೆ ಇದು ಮೋಕ್ಷದ ಸುದ್ದಿಯಂತೆ ಕೇಳಿಸಿತು. ಮೊದಲ ಕಾರ್ಯಕ್ರಮದ ಮರುದಿನ ಬೆಳಿಗ್ಗೆ, ಮಠದಲ್ಲಿ ಪೂಜೆ ಮುಗಿಸಿ ಬಂದ ಅಪ್ಪ ತಿಂಡಿಗೆ ಕೂತು ಒಂದೇ ಪ್ರಶ್ನೆ ಕೇಳಿದರು: "ಆ ಹಾಡಿದ ಹುಡುಗನಿಗೆ ಯಾರಾದರೂ ಹೊಡೆದದ್ದಾ?"

ಈಗ ನಿರ್ದೇಶಕರು ಹೊರಗಿನ ಕ್ಯಾಸೆಟ್ಟು ಬೇಡ, ಊರಿನ ತಂಡ ತನ್ನಿ ಎಂದಾಗ ನಾನು ನೆಚ್ಚಿಕೊಂಡದ್ದು ಆ ವಿದ್ಯಾರ್ಥಿಯ ಜೊತೆ ತಂಡ ಕಟ್ಟಿಕೊಂಡಿದ್ದ ಮಣಿಪಾಲದ ಹುಡುಗರನ್ನೇ. ಹಾಸ್ಟೆಲಿಗೆ ಹೋಗಿ ನೋಡಿದರೆ ಬಾಗಿಲುಗಳಿಗೆಲ್ಲ ಬೀಗ. ಪರೀಕ್ಷೆ ಮುಗಿದು ಅವರೆಲ್ಲ ತಮ್ಮ ತಮ್ಮ ದೇಶಗಳಿಗೆ ಹೋಗಿದ್ದರು. ಬಂಡಾಯಕ್ಕೂ ಬೇಸಗೆ ರಜೆ ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಉಳಿದದ್ದು ‘ಉಪ್ಪುನೀರು’ ಒಂದೇ. ಮೂವರ ತಂಡ. ಹಾಡುವವ ಕಾಪುವಿನವ, ಕಡಲ ಬದಿಯ ಐಸ್ ಪ್ಲಾಂಟಿನಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸ. ಗಿಟಾರಿನವ ಕಾರ್ಕಳದಲ್ಲಿ ರೇಡಿಯೋ ರಿಪೇರಿ ಮಾಡುವವ, ಗಿಟಾರನ್ನೂ ತಾನೇ ಮಾಡಿಕೊಂಡಿದ್ದ. ಅವನ ದೊಡ್ಡಮ್ಮನ ಮಗ ಡೋಲು ಬಾರಿಸುವವ. ಆ ಡೋಲು ಅವನದಲ್ಲ, ಅವನ ಮಾವನದು. ಮಾವ ದೈವಗಳ ನೇಮ ಕೋಲಗಳಿಗೆ ವಾದ್ಯ ನುಡಿಸುವವರು. ಈ ಮೂವರು ಒಮ್ಮೆ ನಿಲಯದ ಗೇಟಿನ ಹೊರಗೆ ನಿಂತು ನನಗೆ ಹಾಡಿ ತೋರಿಸಿದ್ದರು. ಹಾಡು ಕೇಳಿ ಕಾವಲುಗಾರ ಲಾಠಿ ತಂದಿದ್ದ. ನನಗೆ ಮಾತ್ರ ಮೈಯೆಲ್ಲ ಜುಮ್ಮೆಂದಿತ್ತು.

ಆಡಿಷನ್ ಪಾಸಾಗದವರಿಗೆ ಸ್ಟುಡಿಯೋದೊಳಗೆ ಪ್ರವೇಶವಿಲ್ಲ. ಹೊರಗೆ ಧ್ವನಿಮುದ್ರಿಸಿ ತಂದರೆ ಸಮಿತಿ ಕೇಳಿ ಒಪ್ಪಬಹುದು, ಒಪ್ಪದಿರಬಹುದು. ಸಮಿತಿ ಎಂದರೆ ನಿರ್ದೇಶಕರು ಮತ್ತು ನಿಲಯದ ಎಂಜಿನಿಯರ್. ಹಾಗಾಗಿ ನಾನು ಹೊರಗಿನ ವ್ಯವಸ್ಥೆಗೆ ತೊಡಗಿದೆ. ಕಾರ್ಕಳದ ಶಾಲೆಯೊಂದರ ಹಾಲ್ ಸಿಕ್ಕಿತು. ಗಿಟಾರಿಗೆ ಆಂಪ್ಲಿಫೈಯರ್ ಬೇಕು, ಅದು ಕಟಪಾಡಿಯ ಮೈಕ್ ಸೆಟ್ಟಿನವರಲ್ಲಿ ಇತ್ತು. "ಪತ್ತನಾಜೆಯವರೆಗೆ ಪುರುಸೊತ್ತಿಲ್ಲ ಅಕ್ಕ, ದಿನಾ ಎಲ್ಲಿಯಾದರೂ ಒಂದು ನೇಮ, ಇಲ್ಲದಿದ್ದರೆ ಯಕ್ಷಗಾನ. ಅದು ಕಳೆದು ಬನ್ನಿ, ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಿ" ಎಂದ ಅಂಗಡಿಯವ. ನಾನು ಖುಷಿಯಿಂದ ಪತ್ತನಾಜೆಯ ಮರುವಾರಕ್ಕೆ ದಿನ ಗೊತ್ತುಮಾಡಿದೆ.

ಪತ್ತನಾಜೆ ಎಂದರೆ ನಮ್ಮ ತುಳುನಾಡಿನಲ್ಲಿ ಮೇ ಕೊನೆಗೆ ಬರುವ ದಿನ. ಅಂದಿಗೆ ಆ ವರ್ಷದ ನೇಮ, ಯಕ್ಷಗಾನದ ಆಟ, ಜಾತ್ರೆ ಎಲ್ಲ ಮುಗಿಯುತ್ತವೆ. ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆಯೇ. ಇದು ಇಲ್ಲಿನ ಮಗುವಿಗೂ ಗೊತ್ತು. ಅರ್ಚಕರ ಮಗಳಾದ ನನಗೆ ಗೊತ್ತಿಲ್ಲದೆ ಇದ್ದೀತೇ? ಮೈಕಿನವರು ಬಿಡುವಾಗುತ್ತಾರೆ ಎಂದು ಲೆಕ್ಕ ಹಾಕಿದವಳು, ಯಾಕೆ ಬಿಡುವಾಗುತ್ತಾರೆ ಎಂದು ಯೋಚಿಸಲಿಲ್ಲ, ಅಷ್ಟೆ.

ಟೆಂಪೋದಲ್ಲಿ ಆಂಪ್ಲಿಫೈಯರ್, ಹಾರ್ನ್ ಸ್ಪೀಕರ್, ನನ್ನ ಹೆಗಲಲ್ಲಿ ನಿಲಯದ ಬ್ಯಾಟರಿ ಟೇಪ್ ರೆಕಾರ್ಡರ್. ಕಾರ್ಕಳದ ಹಾಲಿನ ಮೆಟ್ಟಿಲಲ್ಲಿ ಹುಡುಗರು ಮೂವರೂ ಸಾವಿನ ಮನೆಯವರಂತೆ ಕೂತಿದ್ದರು. ಡೋಲು ಇರಲಿಲ್ಲ. ಡೋಲಿನ ಬದಲು ಮಾವನೇ ಬಂದಿದ್ದರು. ಬಿಳಿ ಪಂಚೆಯ, ಬಹಳ ಮರ್ಯಾದೆಯ ಮನುಷ್ಯ.

"ಬೇಸರ ಮಾಡಬೇಡಿ ಅಕ್ಕ," ಎಂದರು. "ಪತ್ತನಾಜೆ ಆಯ್ತಲ್ಲ. ವಾದ್ಯವನ್ನು ದೇವರ ಕೋಣೆಯ ಅಟ್ಟಕ್ಕೆ ಏರಿಸಿ ಆಯ್ತು. ಇನ್ನು ಇಳಿಸುವುದು ದೀಪಾವಳಿ ಕಳೆದೇ."

"ಇದು ನೇಮ ಅಲ್ಲ ಅಲ್ವಾ? ರೇಡಿಯೋಕ್ಕೆ ಒಂದು ಹಾಡು, ಅಷ್ಟೇ," ಎಂದೆ.

"ಹಾಡು ಯಾವುದಾದರೂ ಡೋಲು ಒಂದೇ ಉಂಟಲ್ಲ ಅಕ್ಕ. ನಿಮ್ಮ ತಂದೆಯವರ ಹತ್ತಿರ ಬೇಕಾದರೆ ಕೇಳಿ ನೋಡಿ."

ಕೇಳಬೇಕಾಗಿರಲಿಲ್ಲ. ಅಪ್ಪನೂ ಅದನ್ನೇ ಹೇಳುತ್ತಿದ್ದರು, ಇನ್ನೂ ಉದ್ದವಾಗಿ. ಆ ಮಾವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೆ ಬಂದದ್ದಕ್ಕೆ ಲೆಕ್ಕವಿರಲಿಲ್ಲ. ಶಾಲೆಯ ಬೆಂಚು ಬಡಿದು ನೋಡಿದೆವು, ಪೋಲಿ ಹುಡುಗರು ಕ್ಲಾಸಿನಲ್ಲಿ ಗಲಾಟೆ ಮಾಡಿದಂತೆ ಕೇಳಿಸಿತು. ಅಷ್ಟರಲ್ಲಿ ಗಾಳಿ ಎದ್ದಿತು. ಮಳೆಗಾಲ ಆ ವರ್ಷ ಹೇಳದೆ ಕೇಳದೆ ಅವಸರದಲ್ಲಿ ಬಂದಿತ್ತು. ಎಲ್ಲೋ ತೆಂಗಿನ ಮರ ಲೈನಿನ ಮೇಲೆ ಬಿದ್ದು ಕರೆಂಟು ಹೋಯಿತು. ಕತ್ತಲೆಯಾದ ಹಾಲಿನಲ್ಲಿ ಹಾಡುವವ ಇನ್ನೊಂದು ಸುದ್ದಿ ಹೇಳಿದ.

"ಅಕ್ಕ, ನನಗೆ ಮಸ್ಕತ್ತಿನ ವೀಸಾ ಬಂತು. ಬರುವ ವಾರ ಬೊಂಬಾಯಿ ಬಸ್ಸು."

ನಾನು ಟೇಪ್ ರೆಕಾರ್ಡರನ್ನು ಮತ್ತೆ ಅದರ ಚೀಲಕ್ಕೆ ತುರುಕಿದೆ. ಡೋಲಿಲ್ಲ, ಕರೆಂಟಿಲ್ಲ, ಇನ್ನು ಹಾಡುವವನೂ ಇಲ್ಲ. ವೀಣೆಯ ತಂತಿಗಳು ನನ್ನ ಕಿವಿಯಲ್ಲಿ ಆಗಲೇ ಮಿಡಿಯತೊಡಗಿದ್ದವು.

ಮುಂದಿನ ದಿನಗಳು ಹೇಗೆ ಕಳೆದವೋ ಗೊತ್ತಿಲ್ಲ. ಲೈನು ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಹೋಗುತ್ತಿತ್ತು. ನಾನು ನಿಲಯದಲ್ಲಿ ತೆಂಗಿನಕಾಯಿ ಧಾರಣೆ ಓದಿ, ಹೊರಗೆ ಬಂದು, ಕಾಪುವಿಗೂ ಕಾರ್ಕಳಕ್ಕೂ ಅಂಗಡಿಗಳ ಮೂಲಕ ಫೋನಿನಲ್ಲಿ ಸುದ್ದಿ ಮುಟ್ಟಿಸುತ್ತಿದ್ದೆ. ಕೊನೆಗೆ ಹಾಡುವವನೇ ಕಾಪುವಿನಿಂದ ಫೋನ್ ಮಾಡಿದ.

"ನಮ್ಮ ಐಸ್ ಪ್ಲಾಂಟಲ್ಲಿ ಸಣ್ಣ ಜನರೇಟರ್ ಉಂಟು ಅಕ್ಕ. ಬೋಟು ನಿಂತದ್ದಲ್ವಾ, ಪ್ಲಾಂಟ್ ಪೂರಾ ಖಾಲಿ. ಜಂಗು ಹಿಡಿಯಬಾರದು ಅಂತ ವಾರಕ್ಕೊಮ್ಮೆ ಅದನ್ನು ಓಡಿಸ್ಲಿಕ್ಕೆ ಧಣಿ ಹೇಳಿದ್ದಾರೆ. ಅದೇ ಹೊತ್ತಿಗೆ ಹಾಡಿ ಬಿಡುವ."

"ಡೋಲಿಗೆ ಎಂತ ಮಾಡ್ತಿ?"

"ಬನ್ನಿ, ತೋರಿಸ್ತೇನೆ."

ಅವನು ತೋರಿಸಿದ್ದು ಐಸ್ ಡಬ್ಬಿಗಳನ್ನು. ಮಂಜುಗಡ್ಡೆ ಕಟ್ಟಲು ನೀರು ತುಂಬಿಸಿ ಇಳಿಬಿಡುವ, ಸೊಂಟದೆತ್ತರದ ತಗಡಿನ ಡಬ್ಬಿಗಳು. ಮೀನುಗಾರಿಕೆ ನಿಂತ ಮಳೆಗಾಲದಲ್ಲಿ ಅವು ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದವು. ಡೋಲಿನವ ಒಂದನ್ನು ಖಾಲಿ ಇಟ್ಟ, ಒಂದಕ್ಕೆ ಅರ್ಧ ನೀರು ತುಂಬಿಸಿದ, ಇನ್ನೊಂದನ್ನು ಬೋರಲು ಹಾಕಿದ. ಹಳೆಯ ಟಯರಿನ ತುಂಡು ಸುತ್ತಿದ ಕೋಲಿನಿಂದ ಬಡಿದ. ಮೂರೂ ಬೇರೆ ಬೇರೆ ಮಾತಾಡಿದವು. ಹಲವು ದಿನಗಳ ಮೇಲೆ ಮೊದಲ ಬಾರಿಗೆ ನನಗೆ ನಗು ಬಂತು.

ಐಸು ಪೇರಿಸಿಡುವ ಕೋಣೆಯೊಂದಿತ್ತು. ತಂಪು ಹೊರಗೆ ಹೋಗದಂತೆ ಅದರ ಗೋಡೆಗಳೊಳಗೆ ಭತ್ತದ ಹೊಟ್ಟು ತುಂಬಿಸಿದ್ದರು. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸತ್ತುಹೋಗುತ್ತಿತ್ತು. ಇಷ್ಟು ಒಳ್ಳೆಯ ಸ್ಟುಡಿಯೋ ನಮ್ಮ ನಿಲಯಕ್ಕೂ ಇರಲಿಲ್ಲ. ಹುಡುಗರನ್ನು ಒಳಗೆ ನಿಲ್ಲಿಸಿ, ಇದ್ದ ಒಂದೇ ಮೈಕನ್ನು ಹಾಡುವವನಿಗೂ ಡಬ್ಬಿಗಳಿಗೂ ನಡುವೆ ಹಗ್ಗದಲ್ಲಿ ತೂಗುಹಾಕಿದೆ. ಗಿಟಾರಿನ ಹಾರ್ನನ್ನು ಮೂಲೆಗೆ ಮುಖ ಮಾಡಿಸಿದೆ. ರೆಕಾರ್ಡರಿಗೆ ಹೊಸ ಸೆಲ್ಲು ಹಾಕಿದೆ. ಜನರೇಟರ್ ಹೊರಗಿನ ಶೆಡ್ಡಿನಲ್ಲಿ ಕೆಮ್ಮಿ ಹೊತ್ತಿಕೊಂಡಿತು. ಆಂಪ್ಲಿಫೈಯರಿನ ಕೆಂಪು ದೀಪ ಬೆಳಗಿತು.

ಅದರ ಜೊತೆಗೇ ಹಾರ್ನಿನಿಂದ ಗುಂಯ್ ಎಂಬ ಸದ್ದೂ ಶುರುವಾಯಿತು.

ಎಂಜಿನಿಯರರು ಇದಕ್ಕೆ ಹಮ್ ಎನ್ನುತ್ತಾರೆ. ವಿದ್ಯುತ್ತಿನ ಸ್ವಂತ ಗೊಣಗಾಟ. ಟೇಪಿನಲ್ಲಿ ಇದೊಂದು ಇದ್ದರೆ ದೇವಲೋಕದ ಗಾಯನವಾದರೂ ತಿರಸ್ಕೃತ. ಹೆಡ್‌ಫೋನ್ ಹಾಕಿ ಕೇಳಿದೆ, ಹಾಡಿಗಿಂತ ಅದೇ ಮುಂದೆ ಕೂತಿತ್ತು. ಗಿಟಾರಿನವ ತಂತಿ ಬದಲಿಸಿದ, ಪ್ಲಗ್ಗು ತಿರುಗಿಸಿ ಚುಚ್ಚಿದ. ಹೊರಗೆ ಮಳೆಯಲ್ಲಿ ಒದ್ದೆ ನೆಲಕ್ಕೆ ಕಬ್ಬಿಣದ ಸರಳು ಹೊಡೆದು ಅರ್ತ್ ಕೊಟ್ಟ, ಅದರ ಮೇಲೆ ಉಪ್ಪು ನೀರು ಸುರಿದ. ಸದ್ದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆಂಪ್ಲಿಫೈಯರ್ ಆರಿಸಿದರೆ ಗಿಟಾರ್ ಸೊಳ್ಳೆಯಂತೆ ಕೇಳುತ್ತಿತ್ತು. ಹೀಗೆ ಹೆಣಗಾಡುತ್ತಿರುವಾಗ ಹಾಡುವವ ಶೆಡ್ಡಿನಿಂದ ಓಡಿ ಬಂದ.

"ಡೀಸೆಲ್ ಕಾಲು ಟ್ಯಾಂಕಿಗಿಂತ ಕಡಿಮೆ ಉಂಟು ಅಕ್ಕ. ಇನ್ನು ತರ್ಲಿಕ್ಕೆ ಬಂಕು ಬಂದ್. ಹಾಡುದಾದರೆ ಈಗ, ಇಲ್ಲದಿದ್ದರೆ ಇಲ್ಲ."

ನಾನು ಒದ್ದೆ ಸಿಮೆಂಟಿನ ಮೇಲೆ ಕುಳಿತುಬಿಟ್ಟೆ. ಅಳು ಬಂತು, ಅತ್ತೆ. ಹುಡುಗರು ಮುಖ ಬೇರೆ ಕಡೆ ತಿರುಗಿಸಿಕೊಂಡರು. ಯಾರೂ ಕೇಳದ ಒಂದು ಕಾಲು ಗಂಟೆಗೆ ಇಷ್ಟೆಲ್ಲ ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಆ ಕಾಲು ಗಂಟೆ ಹೋದರೆ ಈ ಮೂವರಂಥವರು ಗೇಟಿನ ಹೊರಗೇ ಉಳಿಯುತ್ತಾರೆ ಎಂಬುದಂತೂ ಖಚಿತವಿತ್ತು. ಅಳು ನಿಂತಾಗ ಕಿವಿಯಲ್ಲಿ ಆ ಗುಂಯ್ ಮಾತ್ರ ಉಳಿದಿತ್ತು. ಏರದೆ, ಇಳಿಯದೆ, ಒಂದೇ ಸಮನೆ. ಬಾಲ್ಯದಲ್ಲಿ ಪ್ರತಿ ಸಂಜೆ ಹೀಗೇ ಒಂದು ಸದ್ದಿನ ಎದುರು ಚಕ್ಕಳಮಕ್ಕಳ ಹಾಕಿ ಕೂತವಳು ನಾನು. ಶ್ರುತಿಪೆಟ್ಟಿಗೆಯ ಎದುರು. ಕಣ್ಣು ಒರೆಸಿಕೊಳ್ಳುತ್ತ ನನಗೆ ಗೊತ್ತಿಲ್ಲದೆ ಅದಕ್ಕೆ ‘ಸ’ ಎಂದು ಮೆಲ್ಲಗೆ ಸ್ವರ ಸೇರಿಸಿದೆ. ಸೇರಿತು.

"ಗಿಟಾರ್ ಇಳಿಸು," ಎಂದು ಎದ್ದೆ. "ಎಲ್ಲ ತಂತಿಗಳನ್ನೂ ಇದಕ್ಕೆ ಹೊಂದಿಸು."

"ಯಾವುದಕ್ಕೆ?"

"ಇದಕ್ಕೇ ಮಾರಾಯ. ಜನರೇಟರಿಗೆ. ಇದು ಹಮ್ ಅಲ್ಲ, ನಮ್ಮ ಶ್ರುತಿ."

ಅವನು ನನ್ನನ್ನು ಒಮ್ಮೆ ನೋಡಿದ. ತಲೆ ಕೆಟ್ಟಿತು ಎಂದುಕೊಂಡಿರಬೇಕು. ಆದರೂ ಬಿರಡೆ ತಿರುಗಿಸತೊಡಗಿದ. ತಂತಿ ನಿಧಾನಕ್ಕೆ ಇಳಿಯುತ್ತ ಬಂದು ಆ ಸದ್ದಿನೊಳಗೆ ಕೂತಾಗ ಕೋಣೆಯೇ ಬದಲಾಯಿತು. ಇಷ್ಟು ಹೊತ್ತು ನಮ್ಮ ಜೊತೆ ಜಗಳವಾಡುತ್ತಿದ್ದ ಸದ್ದು ಈಗ ಬೆನ್ನಿಗೆ ನಿಂತಿತು. ಡೋಲಿನವ ಅರ್ಧ ತುಂಬಿದ ಡಬ್ಬಿಗೆ ಇನ್ನೆರಡು ಚೊಂಬು ನೀರು ಹಾಕಿ, ಬಡಿದು, ಕಿವಿಗೊಟ್ಟು, ತಲೆಯಾಡಿಸಿದ. ನಾನು ಟೇಪು ಓಡಿಸಿದೆ.

ಮೂರು ಹಾಡು, ನಡುವೆ ಉಸಿರು ತೆಗೆದುಕೊಳ್ಳುವಷ್ಟೇ ಬಿಡುವು. ಹಾಡುವವ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಕೂಗಿದ:

"ಐಸು ಕರಗಿದರೆ ನೀರು, ನಾನು ಕರಗಿದರೆ ಯಾರು?
ಬೋಟು ನಿಂತಿತು, ಕೂಲಿ ನಿಂತಿತು, ಬೊಬ್ಬೆ ನಿಲ್ಲಿಸುವವರು ಯಾರು?"

ಮೂರನೆಯ ಹಾಡಿನ ಕೊನೆಗೆ ಡೀಸೆಲ್ ಮುಗಿಯಿತು. ಜನರೇಟರ್ ಒಮ್ಮೆ ಬಿಕ್ಕಳಿಸಿತು, ಶ್ರುತಿ ಜಾರತೊಡಗಿತು. ನಾನು ಕೈ ಎತ್ತಿ ನಿಲ್ಲಿಸಿ ಎನ್ನಬೇಕೆನ್ನುವಾಗ ಹಾಡುವವ ಅದರ ಜೊತೆಯೇ ಇಳಿದ. ಗಿಟಾರಿನವ ಬಿರಡೆ ಸಡಿಲಿಸುತ್ತ ಹಿಂಬಾಲಿಸಿದ. ಕೆಳಗೆ, ಇನ್ನೂ ಕೆಳಗೆ, ಕೊನೆಗೆ ಒಂದು ಗೊರಕೆಯಾಗಿ ಎಲ್ಲವೂ ಒಟ್ಟಿಗೆ ನಿಂತಿತು. ಕತ್ತಲೆಯಲ್ಲಿ ನಾಲ್ವರ ಉಸಿರು ಮಾತ್ರ ಕೇಳುತ್ತಿತ್ತು. ಬ್ಯಾಟರಿಯ ಮೇಲೆ ಓಡುತ್ತಿದ್ದ ಟೇಪು ಅದನ್ನೂ ತೆಗೆದುಕೊಂಡಿತು. ನಾನು ಆ ಉಸಿರನ್ನು ಕತ್ತರಿಸಲಿಲ್ಲ.

ಟೇಪಿನ ಜೊತೆ ಕಲಾವಿದರ ವಿವರ ಬರೆದ ಕ್ಯೂ ಶೀಟ್ ಕೊಡಬೇಕು. ನಾನು ಬರೆದೆ: ಗಾಯನ ಒಬ್ಬರು, ಗಿಟಾರ್ ಒಬ್ಬರು, ಐಸ್ ಡಬ್ಬಿ ಒಬ್ಬರು, ಶ್ರುತಿ ಡೀಸೆಲ್ ಜನರೇಟರ್.

ಸಮಿತಿ ಕೂತ ದಿನ ಹಾಡುವವ ಬೊಂಬಾಯಿ ಬಸ್ಸು ಹತ್ತಿಯಾಗಿತ್ತು. ಎಂಜಿನಿಯರ್ ಟೇಪು ಹಾಕಿ ಹತ್ತು ಸೆಕೆಂಡು ಕೇಳಿ, ಮೆಷಿನ್ ನಿಲ್ಲಿಸಿ, "ಹಮ್ ಉಂಟು. ಆಗುವುದಿಲ್ಲ" ಎಂದರು. ನಿರ್ದೇಶಕರು ಕ್ಯೂ ಶೀಟನ್ನು ಎರಡು ಸಲ ಓದಿದರು. ಅವರು ಚಿಕ್ಕಂದಿನಿಂದ ಪಿಟೀಲು ಕಲಿತವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಪೂರ್ತಿ ಹಾಕಿ" ಎಂದರು.

ಪೂರ್ತಿ ಹಾಕಿದರು. ಆ ಹೊತ್ತಿನಲ್ಲಿ ನಾನು ಹರಕೆ ಹೇಳಿಕೊಳ್ಳದ ದೇವರಿಲ್ಲ, ದೈವವಿಲ್ಲ. ಕೊನೆಯ ಉಸಿರೂ ಮುಗಿದ ಮೇಲೆ ಎಂಜಿನಿಯರ್ ಮತ್ತೆ, "ಸಾರ್, ಹಮ್..." ಎಂದರು.

"ನನಗೆ ಇದನ್ನು ಇನ್ನೊಮ್ಮೆ ಕೇಳುವ ಶಕ್ತಿ ಇಲ್ಲ," ಎಂದರು ನಿರ್ದೇಶಕರು. "ಆದರೆ ಗಿಟಾರು, ಗಾಯನ ಎರಡೂ ಅದರಲ್ಲೇ ಕೂತಿವೆಯಲ್ಲ. ಶ್ರುತಿ ಇಳಿದಾಗ ಶ್ರುತಿಯ ಜೊತೆಗೇ ಇಳಿದಿದ್ದಾರೆ. ಇದು ಅಪಶ್ರುತಿ ಅಂತ ನಾನು ಹೇಗೆ ಸಹಿ ಹಾಕಲಿ?"

ಸಹಿ ಹಾಕಿದರು. ಹಾಕುತ್ತಲೇ ಷರತ್ತನ್ನೂ ಹೇಳಿದರು. ಜುಲೈಯಿಂದ ಪ್ರತಿ ವಾರ ಊರಿನ ಹೊಸ ತಂಡವೇ ಬೇಕು, ಮರುಪ್ರಸಾರ ಇಲ್ಲ, ಹೊರಗಿನ ಕ್ಯಾಸೆಟ್ಟು ಇಲ್ಲ. ಒಂದು ವಾರ ತಪ್ಪಿದರೆ ವೀಣೆ.

ಜೂನಿನ ಕೊನೆಯ ವಾರ ‘ಉಪ್ಪುನೀರು’ ಪ್ರಸಾರವಾಯಿತು. ಮರುದಿನ ಅಪ್ಪ ತಿಂಡಿ ತಿಂದು, ಕೈ ತೊಳೆದು, ಪಂಚಾಂಗ ತೆರೆದು ಕೂತರು. ಕೇಳಿದವರು ಇದ್ದರೋ ಇಲ್ಲವೋ ಎಂಬುದೂ ತಿಳಿಯಲಿಲ್ಲ. ಗೆದ್ದದ್ದು ಹೌದು, ಆದರೆ ಮುಂದಿನ ವಾರಕ್ಕೆ ನನ್ನ ಕೈಯಲ್ಲಿ ಒಂದು ತಂಡವೂ ಇರಲಿಲ್ಲ. ಮಣಿಪಾಲದವರು ಇನ್ನೂ ಬಂದಿರಲಿಲ್ಲ. ಗಿಟಾರಿನವ ಹೊಸ ಹಾಡುವವನನ್ನು ಹುಡುಕುತ್ತೇನೆ ಎಂದಿದ್ದ, ಅವನ ಧ್ವನಿಯಲ್ಲೇ ನಂಬಿಕೆ ಇರಲಿಲ್ಲ. ಟೇಪು ಕೊಡಬೇಕಾದ ದಿನದ ಹಿಂದಿನ ಮಧ್ಯಾಹ್ನ ನಾನು ಖಾಲಿ ಸ್ಪೂಲನ್ನು ಮುಂದಿಟ್ಟುಕೊಂಡು ಕೂತಿದ್ದೆ. ಲೈಬ್ರರಿಯವರು ವೀಣೆಯ ಟೇಪನ್ನು ತೆಗೆದು, ಧೂಳು ಒರೆಸಿ, ನನ್ನ ಮೇಜಿನ ಮೇಲೇ ಇಟ್ಟು ಹೋಗಿದ್ದರು.

ಆಗ ಕಾವಲುಗಾರ ಬಂದು, "ಮೇಡಂ, ನಿಮ್ಮನ್ನು ಕೇಳ್ತಾ ಇದ್ದಾರೆ" ಎಂದ. ಹೊರಗೆ ಹೋದೆ. ಗೇಟಿನ ಹೊರಗೆ ಒಂದೇ ಕೊಡೆಯ ಕೆಳಗೆ ಇಬ್ಬರು ಹುಡುಗಿಯರು ನಿಂತಿದ್ದರು. ಕಾಲೇಜಿನ ವಯಸ್ಸು, ಲಂಗದ ಅಂಚು ಮೊಣಕಾಲಿನವರೆಗೆ ಒದ್ದೆ. ಹಿರಿಯಡ್ಕದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು.

"ಕಾಪುವಿನವರ ಹಾಡು ರೇಡಿಯೋದಲ್ಲಿ ಬಂದದ್ದಲ್ವಾ ಅಕ್ಕ, ನಾವು ಕೇಳಿದ್ದೇವೆ," ಎಂದಳು ಎತ್ತರದವಳು. "ನಾವೂ ಹಾಡು ಕಟ್ಟಿದ್ದೇವೆ. ಆದರೆ ನಮ್ಮಲ್ಲಿ ಗಿಟಾರ್ ಇಲ್ಲ."

"ಮತ್ತೆ ಎಂತ ಉಂಟು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಗಿಡ್ಡಗಿದ್ದವಳು ನೆಲ ನೋಡುತ್ತ ಹೇಳಿದಳು.

"ಮಾವನ ಅಕ್ಕಿ ಮಿಲ್ಲು ಉಂಟು. ಅದು ಓಡುವಾಗ ಹಾಡಿದರೆ ಶ್ರುತಿ ಸರೀ ಕೂರ್ತದೆ ಅಕ್ಕ."

ನಾನು ಒಳಗೆ ಓಡಿ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಬಂದೆ.

"ಮಿಲ್ಲು ಈಗ ಓಡ್ತಾ ಉಂಟಾ?" ಎಂದು ಕೇಳಿದೆ.